ಬಚ್ಚಿಟ್ಟವರಿಗೆ ಲಾಭ, ತೋರಿಸಿದವರಿಗೆ ಭಯ

ಹಳೆಯ ನಾಣ್ಯ ಯಾರದು? ಮಣ್ಣಿನಿಂದ ಎತ್ತಿದವರದೇ, ಮಣ್ಣಿನ ಒಡೆಯರದೇ, ಸರ್ಕಾರದ್ದೇ? ನಮ್ಮ ಕಾಯ್ದೆಗಳು ಕೊಡುವ ಉತ್ತರ ಇತಿಹಾಸವನ್ನು ಉಳಿಸುತ್ತಿಲ್ಲ, ಪ್ರಾಮಾಣಿಕ ಸಂಗ್ರಾಹಕರನ್ನೂ ಕಾಯುತ್ತಿಲ್ಲ.

ದೆಹಲಿಯ ವಸಂತ್ ಕುಂಜ್‌ನಿಂದ ಮೆಹ್ರೌಲಿಯ ಕಡೆಗೆ ಹೊರಟು, ಕುತುಬ್ ಮಿನಾರ್ ದಾಟಿ ಸಾಕೇತದ ದಿಕ್ಕು ಹಿಡಿದರೆ ಕಿಲಾ ರಾಯ್ ಪಿಥೋರಾದ ಪಾಳುಗೋಡೆಗಳು ಸಿಗುತ್ತವೆ. ಅಲ್ಲಿನ ಸಾಂಸ್ಕೃತಿಕ ಸಂಕೀರ್ಣದಲ್ಲಿ 2026ರ ಜನವರಿ 3ರಂದು ಪ್ರಧಾನಿ ನರೇಂದ್ರ ಮೋದಿ ಒಂದು ಪ್ರದರ್ಶನವನ್ನು ಉದ್ಘಾಟಿಸಿದರು. ಉತ್ತರ ಪ್ರದೇಶದ ಪಿಪ್ರಹ್ವಾ ಸ್ತೂಪದಲ್ಲಿ ಬುದ್ಧನ ಅಸ್ಥಿಯ ಜೊತೆ ಸಿಕ್ಕ ರತ್ನಗಳು ಅಲ್ಲಿ ಜನರ ಕಣ್ಣಿಗೆ ಬಿದ್ದವು. ಅದಕ್ಕೂ ಎಂಟು ತಿಂಗಳ ಹಿಂದೆ ಆ ರತ್ನಗಳು ಹಾಂಗ್‌ಕಾಂಗ್‌ನ ಹರಾಜುಕಟ್ಟೆಯ ಮೇಲಿದ್ದವು.

1898ರಲ್ಲಿ ಬರ್ಡ್‌ಪುರ ಎಸ್ಟೇಟಿನ ಒಡೆಯ ವಿಲಿಯಂ ಕ್ಲಾಕ್ಸ್‌ಟನ್ ಪೆಪ್ಪೆ ತನ್ನ ಜಮೀನಿನಲ್ಲಿದ್ದ ಪಿಪ್ರಹ್ವಾದ ದಿಬ್ಬವನ್ನು ಅಗೆಸಿದ. ಕಲ್ಲಿನ ದೊಡ್ಡ ಪೆಟ್ಟಿಗೆಯೊಳಗೆ ಕರಂಡಕಗಳು, ಅಸ್ಥಿ, ಚಿನ್ನದ ಹೂಗಳು, ಮುತ್ತು, ಹರಳುಗಳು ಸಿಕ್ಕವು. 1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ಬ್ರಿಟಿಷ್ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಅಸ್ಥಿಯನ್ನು ಸಯಾಮಿನ ದೊರೆಗೆ ಕೊಟ್ಟರು. ರತ್ನಗಳ ಬಹುಪಾಲು ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ ಸೇರಿತು. ಒಂದೇ ಬಗೆಯವು ಹಲವಿವೆ ಎಂದು ಒಂದು ಪಾಲನ್ನು ಪೆಪ್ಪೆಗೇ ಬಿಟ್ಟುಕೊಟ್ಟರು. ಆ ಪಾಲು ಇಂಗ್ಲೆಂಡಿಗೆ ಹೋಗಿ, ತಲೆಮಾರುಗಳು ದಾಟಿ, 2025ರ ಮೇ 7ಕ್ಕೆ ಸೋದಬಿಸ್ ಹರಾಜಿಗೆ ಬಂತು. ಭಾರತ ಸರ್ಕಾರ ಲೀಗಲ್ ನೋಟಿಸ್ ಕಳಿಸಿತು, ಹರಾಜು ನಿಂತಿತು. ಕೊನೆಗೆ ಗೋದ್ರೆಜ್ ಸಮೂಹ ಮುಂದೆ ಬಂದು ಅವನ್ನು ಕೊಂಡಿತು. ಜುಲೈ 30ರಂದು ಅವು ತಾಯ್ನಾಡಿಗೆ ಮರಳಿದವು.

ಎಲ್ಲರಿಗೂ ಸಂತೋಷವಾಯಿತು, ಆಗಬೇಕಾದದ್ದೇ. ಆದರೆ ಈ ಪ್ರಸಂಗದಲ್ಲಿ ಕಾಯ್ದೆಗೆ ಸಂಬಂಧಿಸಿದ ಒಂದು ತೊಡಕಿದೆ. ಪೆಪ್ಪೆಯ ವಂಶಸ್ಥರ ಕೈಯಲ್ಲಿದ್ದ ಪಾಲು ಕದ್ದದ್ದಲ್ಲ, ಅಂದಿನ ಸರ್ಕಾರವೇ ಬಿಟ್ಟುಕೊಟ್ಟದ್ದು. ಆ ಸರ್ಕಾರಕ್ಕೆ ಕೊಡುವ ನೈತಿಕ ಹಕ್ಕಿತ್ತೇ ಎಂಬುದು ನಮ್ಮ ಪ್ರಶ್ನೆ, ಕಾಗದ ನಮ್ಮ ಕಡೆಗಿದೆ ಎಂಬುದು ಅವರ ಮಾತು. ಪ್ರಾಚೀನ ವಸ್ತುಗಳ ವ್ಯಾಜ್ಯಗಳೆಲ್ಲ ಕೊನೆಗೆ ಈ ಎರಡು ಮಾತುಗಳ ನಡುವೆಯೇ ನಿಲ್ಲುತ್ತವೆ. ಬುದ್ಧನ ರತ್ನಗಳಿಗೆ ಪ್ರಧಾನಿಯೇ ಬರುತ್ತಾರೆ. ಹೊಲದಲ್ಲಿ ನೇಗಿಲಿಗೆ ಸಿಕ್ಕ ಹಿಡಿ ನಾಣ್ಯಗಳಿಗೆ ಯಾರು ಬರುತ್ತಾರೆ?

ಸೀಸದ ನಾಣ್ಯಕ್ಕೆ ಸೀಸದ ಬೆಲೆ

1878ರ ಆ ನಿಧಿ ಕಾಯ್ದೆ ಇಂದಿಗೂ ಬದುಕಿದೆ. ಮಣ್ಣಿನಲ್ಲಿ ಹುದುಗಿದ, ಹತ್ತು ರೂಪಾಯಿಗೂ ಹೆಚ್ಚು ಬೆಲೆಯ ಏನು ಸಿಕ್ಕರೂ ಸಿಕ್ಕವರು ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು: ಏನು, ಎಷ್ಟು, ಎಲ್ಲಿ, ಯಾವ ದಿನ. ಹತ್ತಿರದ ಸರ್ಕಾರಿ ಖಜಾನೆಗೆ ಒಪ್ಪಿಸಬೇಕು, ಇಲ್ಲವೇ ಜಾಮೀನು ಕೊಡಬೇಕು. ವಾರಸುದಾರರಿಲ್ಲವೆಂದು ಘೋಷಣೆಯಾದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಸಿಕ್ಕವರಿಗೆ ಮುಕ್ಕಾಲು ಪಾಲು, ಜಾಗದ ಒಡೆಯರಿಗೆ ಕಾಲು ಪಾಲು. ಮುಚ್ಚಿಟ್ಟರೆ ಪಾಲು ಹೋಗುತ್ತದೆ, ಒಂದು ವರ್ಷದವರೆಗೆ ಜೈಲೂ ಆಗಬಹುದು. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆಯಿದ್ದು, ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸುವುದು ಇಲ್ಲಿಯೂ ಕಡ್ಡಾಯ.

ಇಲ್ಲಿಯವರೆಗೆ ನ್ಯಾಯವಾಗಿಯೇ ಇದೆ. ಎಡವಟ್ಟು ಇರುವುದು 1878ರ ಕಾಯ್ದೆಯ ಮುಂದಿನ ಕಲಮಿನಲ್ಲಿ. ಸರ್ಕಾರ ಆ ನಿಧಿಯನ್ನು ತಾನೇ ಇಟ್ಟುಕೊಳ್ಳಬೇಕೆಂದರೆ ಕೊಡಬೇಕಾದ ಬೆಲೆ ಎಷ್ಟು? ವಸ್ತುವಿನಲ್ಲಿರುವ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಭಾಗ. ಅಷ್ಟೇ.

ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯನ್ನು ನೆನಪಿಸಿಕೊಳ್ಳಿ. ಮೈಸೂರಿನ ಎಂ.ಎಚ್. ಕೃಷ್ಣ ಅಗೆಸಿದ, 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದ ನೆಲ ಅದು. ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮಿನ ಬೆಳ್ಳಿ ದಿನಾರಿಗಳೂ ಅಲ್ಲಿ ಸಿಕ್ಕಿವೆ. ‘ಸದಕಣ ಕಳಲಾಯ ಮಹಾರಠಿ’ ಎಂಬ ಸ್ಥಳೀಯ ಒಡೆಯನ ಹೆಸರನ್ನು ನಮಗೆ ತಿಳಿಸಿಕೊಟ್ಟದ್ದು ಇಂಥ ಸೀಸದ ಬಿಲ್ಲೆಗಳೇ. ಇಂದು ಅಂಥ ಒಂದು ಕುಡಿಕೆ ರೈತರೊಬ್ಬರ ಹೊಲದಲ್ಲಿ ಸಿಕ್ಕಿತೆನ್ನಿ. ಈ ಲೆಕ್ಕದಲ್ಲಿ ಅದರ ಬೆಲೆ ಸೀಸದ ತೂಕದ ಬೆಲೆ. ಒಪ್ಪಿಸಲು ತಾಲ್ಲೂಕು ಕಚೇರಿಗೆ ಅಲೆದಾಡಿದ ಬಸ್ ಚಾರ್ಜೂ ಅದರಲ್ಲಿ ಹುಟ್ಟುವುದಿಲ್ಲ. ಚಿನ್ನವಾದರೆ ಇನ್ನೂ ಅಪಾಯ. ಹೊಯ್ಸಳರ ವಿಷ್ಣುವರ್ಧನ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂದು ಕನ್ನಡದಲ್ಲೇ ಬಿರುದು ಬರೆಸಿ ಹೊರಡಿಸಿದ ಗದ್ಯಾಣ ಸಂಗ್ರಾಹಕರಿಗೆ ಚಿನ್ನದ ತೂಕಕ್ಕಿಂತ ಎಷ್ಟೋ ಪಟ್ಟು ಮೌಲ್ಯದ್ದು. ಕಾಯ್ದೆಯ ಕಣ್ಣಿಗೆ ಮಾತ್ರ ಅದು ನಾಲ್ಕು ಗ್ರಾಮಿಗೂ ಕಡಿಮೆ ಚಿನ್ನ.

ಹೀಗಿರುವಾಗ ಸಿಕ್ಕವರು ಏನು ಮಾಡುತ್ತಾರೆ? ರಾತ್ರೋರಾತ್ರಿ ಪೇಟೆಯ ಚಿನ್ನಬೆಳ್ಳಿ ಅಂಗಡಿಗೆ ಹೋಗುತ್ತಾರೆ. ನಾಣ್ಯ ಮೂಸೆಗೆ ಬೀಳುತ್ತದೆ. ಇಲ್ಲವೇ ದಲ್ಲಾಳಿಯ ಕೈಸೇರಿ, ಒಂದೊಂದಾಗಿ ಚದುರಿ, ಎಲ್ಲಿ ಸಿಕ್ಕಿತೆಂಬ ಸುಳಿವು ಅಳಿಸಿಹೋಗುತ್ತದೆ. ಲೋಹದ ನಷ್ಟಕ್ಕಿಂತ ಈ ಸುಳಿವಿನ ನಷ್ಟ ದೊಡ್ಡದು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ 163 ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕವು. ಒಟ್ಟಿಗೆ ಸಿಕ್ಕು, ಒಟ್ಟಿಗೆ ದಾಖಲಾದ್ದರಿಂದಲೇ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಕಾಲದ ರೋಮ್ ವ್ಯಾಪಾರದ ದಾರಿಯಲ್ಲಿ ಬೆಂಗಳೂರು ಸೀಮೆಯೂ ಇತ್ತೆಂದು ಇಂದು ಧೈರ್ಯವಾಗಿ ಹೇಳಬಹುದು. ಅವೇ ನಾಣ್ಯಗಳು 163 ಮನೆಗಳಿಗೆ ಹಂಚಿಹೋಗಿದ್ದರೆ ಅವು ಬರೀ ಬೆಳ್ಳಿಯ ಚೂರುಗಳಾಗುತ್ತಿದ್ದವು.

ದೇವರ ಪೀಠದ ರೂಪಾಯಿ, ವಿಮಾನ ನಿಲ್ದಾಣದ ಸುಂಕದಕಟ್ಟೆ

ಎರಡನೆಯ ಕಾಯ್ದೆ ನಮ್ಮ ಮನೆಯೊಳಕ್ಕೇ ಬರುತ್ತದೆ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾಸಂಪತ್ತಿನ ಕಾಯ್ದೆ 1976ರ ಏಪ್ರಿಲ್ 5ರಂದು ಜಾರಿಗೆ ಬಂತು. ನೂರು ವರ್ಷ ತುಂಬಿದ ನಾಣ್ಯ, ಶಿಲ್ಪ, ಚಿತ್ರ, ಶಾಸನ, ಕುಶಲಕಲೆಯ ಯಾವುದೇ ವಸ್ತುವೂ ಪ್ರಾಚೀನ ವಸ್ತು. ಹಸ್ತಪ್ರತಿಗಾದರೆ 75 ವರ್ಷ ಸಾಕು. ನೂರು ವರ್ಷದ ಈ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ, ವರ್ಷವರ್ಷವೂ ಮುಂದೆ ಸರಿಯುತ್ತದೆ. ಹೀಗಾಗಿ 1920ರ ದಶಕದ ಮೊದಲ ವರ್ಷಗಳ ಐದನೇ ಜಾರ್ಜ್ ತಲೆಯ ಕಾಲಾಣೆಯೂ ಈಗ ಬಾದಾಮಿಯ ಶಿಲ್ಪದ ಸಾಲಿಗೇ ಸೇರಿದೆ.

ದೀಪಾವಳಿಯ ಲಕ್ಷ್ಮೀಪೂಜೆಗೆ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಇಡುವ ಮನೆಗಳು ಕರ್ನಾಟಕದಲ್ಲಿ ಲೆಕ್ಕವಿಲ್ಲದಷ್ಟಿವೆ. ಹನ್ನೊಂದೂವರೆ ಗ್ರಾಂ ತೂಕದ ಆ ರೂಪಾಯಿಗಳು ಟಂಕಸಾಲೆಯ ಯಂತ್ರದಿಂದ ಕೋಟಿಗಟ್ಟಲೆ ಹೊರಬಂದವು. ಇಂಥ ಎರಡು ರೂಪಾಯಿಯನ್ನು ಅಮೆರಿಕದಲ್ಲಿರುವ ಮಗಳ ಗೃಹಪ್ರವೇಶಕ್ಕೆಂದು ತಾಯಿ ಸೀರೆಯ ಮಡಿಕೆಯಲ್ಲಿಟ್ಟು ಕೊಂಡೊಯ್ದರೆ, ಕಾಯ್ದೆಯ ಅಕ್ಷರದ ಪ್ರಕಾರ ಅದು ಪ್ರಾಚೀನ ವಸ್ತುವಿನ ರಫ್ತು. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯನ್ನು ಬಿಟ್ಟು ಬೇರೆ ಯಾರೂ ಅದನ್ನು ಮಾಡುವಂತಿಲ್ಲ. ತಪ್ಪಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ಚೋಳರ ಕಂಚಿನ ವಿಗ್ರಹವೂ ಅಜ್ಜಿಯ ಬೆಳ್ಳಿ ರೂಪಾಯಿಯೂ ಒಂದೇ ಕಲಮಿನಡಿ ಬರುತ್ತವೆ. ವಸ್ತು ಪ್ರಾಚೀನವೋ ಅಲ್ಲವೋ ಎಂಬ ತಕರಾರೆದ್ದರೆ ತೀರ್ಮಾನ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರದು ಅಥವಾ ಅವರು ನೇಮಿಸಿದ ಅಧಿಕಾರಿಯದು.

ದೇಶದೊಳಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಈ ಮಾತನ್ನು ಎಲ್ಲರೂ ಮನಸ್ಸಿನಲ್ಲಿಡಬೇಕು: ಹಳೆಯ ನಾಣ್ಯ ಸಂಗ್ರಹಿಸುವುದು ಅಪರಾಧವಲ್ಲ. ವ್ಯಾಪಾರವಾಗಿ ಮಾರಲು ಮಾತ್ರ ಪರವಾನಗಿ ಬೇಕು. ನೋಂದಣಿ ಕಡ್ಡಾಯವೆಂದು ಸರ್ಕಾರ ಅಧಿಸೂಚಿಸಿರುವುದು ಶಿಲ್ಪ, ಚಿತ್ರ, ಸಚಿತ್ರ ಹಸ್ತಪ್ರತಿಗಳಂಥವನ್ನು. ನಾಣ್ಯಗಳು ಆ ಪಟ್ಟಿಯಲ್ಲಿಲ್ಲ. ಮೇಲುನೋಟಕ್ಕೆ ಇದು ಸಂಗ್ರಾಹಕರಿಗೆ ಸಿಕ್ಕ ರಿಯಾಯಿತಿ. ವಾಸ್ತವದಲ್ಲಿ ಅವರ ಕೈಯಲ್ಲಿ ಒಂದು ಕಾಗದವೂ ಇಲ್ಲದಂತೆ ಮಾಡಿರುವುದೂ ಇದೇ. ನಲವತ್ತು ವರ್ಷದ ಹಿಂದೆ ಸಂತೆಯಲ್ಲಿ ಕೊಂಡ ವಿಜಯನಗರದ ಕಾಸಿಗೂ ನಿನ್ನೆ ರಾತ್ರಿ ಹಂಪಿಯ ಬಯಲಿನಲ್ಲಿ ಕದ್ದು ಅಗೆದ ಕಾಸಿಗೂ ವ್ಯತ್ಯಾಸ ತೋರಿಸುವ ದಾಖಲೆ ಎಲ್ಲಿದೆ? ಪೊಲೀಸರು ಬಾಗಿಲು ತಟ್ಟಿದರೆ ಕೊಂಡವರೂ ಅಗೆದವರೂ ಒಂದೇ. ಅದಕ್ಕಾಗಿಯೇ ಎಷ್ಟೋ ಮಂದಿ ತಮ್ಮ ಸಂಗ್ರಹವನ್ನು ವಿದ್ವಾಂಸರಿಗೂ ತೋರಿಸದೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ.

ಇತ್ತ ಬಡವರ ಕಾಲಾಣೆಯನ್ನು ಹಿಡಿಯಬಲ್ಲ ಕಾಯ್ದೆ ದೊಡ್ಡ ಬೇಟೆಯಲ್ಲಿ ಸೋತಿದೆ. ಜಹಾಂಗೀರ್ 1613ರಲ್ಲಿ ಆಗ್ರಾದಲ್ಲಿ ಟಂಕಿಸಿದ ಸಾವಿರ ಮೊಹರಿನ ನಾಣ್ಯದ ತೂಕ ಹನ್ನೆರಡು ಕಿಲೋಗೆ ತುಸು ಕಡಿಮೆ, ಅಡ್ಡಗಲ 20 ಸೆಂಟಿಮೀಟರಿಗೂ ಹೆಚ್ಚು. ಹೈದರಾಬಾದಿನ ಕೊನೆಯ ನಿಜಾಮರ ಮೊಮ್ಮಗನ ಕೈಗೆ ಬಂದಿತ್ತೆನ್ನಲಾದ ಅದು 1987ರ ನವೆಂಬರಿನಲ್ಲಿ ಜಿನೀವಾದ ಹರಾಜಿನ ಸುದ್ದಿಯಲ್ಲಿ ಕಾಣಿಸಿಕೊಂಡಿತು. ದೆಹಲಿಯ ಸಿಬಿಐ ಇದೇ 1972ರ ಕಾಯ್ದೆಯಡಿ ಪ್ರಕರಣ ದಾಖಲಿಸಿ ಬೆನ್ನುಹತ್ತಿತು. ನಾಣ್ಯ ಸಿಗಲಿಲ್ಲ. ಕಲಬುರಗಿ, ರಾಯಚೂರು, ಬೀದರ್‌ಗಳ ಕಂದಾಯ ಹರಿದುಹೋಗುತ್ತಿದ್ದ ನಿಜಾಮರ ಖಜಾನೆಯ ಅತಿ ದೊಡ್ಡ ನಾಣ್ಯ ಇವತ್ತಿಗೂ ದೇಶಕ್ಕೆ ಬಂದಿಲ್ಲ.

ಸಂಗ್ರಾಹಕರು ಉಳಿಸಿದ್ದು, ಕಳ್ಳರು ಕೆಡವಿದ್ದು

ಸಂಗ್ರಾಹಕರನ್ನು ಅನುಮಾನದಿಂದಲೇ ನೋಡುವವರು ಒಂದು ಸಂಗತಿ ಮರೆಯಬಾರದು. ಕರ್ನಾಟಕದ ನಾಣ್ಯಶಾಸ್ತ್ರ ಬೆಳೆದದ್ದರಲ್ಲಿ ವಿಶ್ವವಿದ್ಯಾಲಯಗಳಷ್ಟೇ ಪಾಲು ಖಾಸಗಿ ಸಂಗ್ರಹಗಳದ್ದೂ ಇದೆ. ಮೈಸೂರಿನ ಎ.ವಿ. ನರಸಿಂಹಮೂರ್ತಿ 1975ರಲ್ಲಿ ಕರ್ನಾಟಕದ ನಾಣ್ಯಗಳ ಬಗ್ಗೆ ಸಮಗ್ರ ಗ್ರಂಥ ತಂದರು. ಕೆ. ಗಣೇಶ್ ಮತ್ತು ಗಿರಿಜಾಪತಿ 1997ರಲ್ಲಿ ಬೆಂಗಳೂರಿನಿಂದ ಹೊರತಂದ ವಿಜಯನಗರದ ನಾಣ್ಯಗಳ ಪುಸ್ತಕ ಇಂದಿಗೂ ಸಂಗ್ರಾಹಕರ ಮೇಜಿನ ಮೇಲಿರುತ್ತದೆ. ಪೇಟೆಯ ತಾಮ್ರದ ರಾಶಿಯಲ್ಲಿ ಕೈಯಾಡಿಸಿ, ಕಿಲುಬಿನಡಿ ಅಡಗಿದ ಅಕ್ಷರ ಓದಿ, ಕರಗಿಹೋಗಬೇಕಿದ್ದ ಕಾಸನ್ನು ಉಳಿಸಿದವರು ಹವ್ಯಾಸಿಗಳು.

ಇದಕ್ಕೆ ಇನ್ನೊಂದು ಮುಖವೂ ಉಂಟು. 1824ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಸೆರೆಯಾಳಾಗಿದ್ದ ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಧಾರವಾಡ ಸೀಮೆಯ ಶಾಸನಗಳನ್ನೂ ದಕ್ಷಿಣದ ನಾಣ್ಯಗಳನ್ನೂ ಕೂಡಿಹಾಕಿದ. ದಕ್ಷಿಣ ಭಾರತದ ನಾಣ್ಯಗಳ ಮೇಲೆ ಅವನು ಬರೆದ ಗ್ರಂಥ ಆ ಶಾಸ್ತ್ರಕ್ಕೇ ಬುನಾದಿ. ನಾಣ್ಯಗಳು ಮಾತ್ರ ಬ್ರಿಟಿಷ್ ಮ್ಯೂಸಿಯಂ ಸೇರಿದವು. ಅವನು ಸಂಗ್ರಹಿಸದಿದ್ದರೆ ಎಷ್ಟೋ ಕರಗಿಹೋಗುತ್ತಿದ್ದವು. ಸಂಗ್ರಹಿಸಿದ್ದರಿಂದ ನಮ್ಮ ಮಕ್ಕಳು ಅವನ್ನು ನೋಡಲು ಲಂಡನ್ನಿಗೆ ಹೋಗಬೇಕಾಗಿದೆ. ಎರಡೂ ನಿಜ, ಎರಡನ್ನೂ ಒಪ್ಪಿಕೊಂಡೇ ಕಾಯ್ದೆ ಬರೆಯಬೇಕು.

ಕರಗಿಸುವ ಚಾಳಿಗಂತೂ ದೆಹಲಿಯೇ ಸಾಕ್ಷಿ. 1311ರಲ್ಲಿ ದೆಹಲಿ ಸುಲ್ತಾನನ ದಂಡನಾಯಕ ಮಲಿಕ್ ಕಾಫೂರ್ ಹೊಯ್ಸಳರ ರಾಜಧಾನಿ ದೋರಸಮುದ್ರದ ಸಂಪತ್ತನ್ನು ಹೊತ್ತು ಇದೇ ದೆಹಲಿಗೆ ಬಂದ. ಹೊರಗಿನಿಂದ ಬಂದ ನಾಣ್ಯಗಳು ಮೂಸೆಗೆ ಬೀಳುತ್ತಿದ್ದ ಅಂದಿನ ದೆಹಲಿಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೈನ ವಿದ್ವಾಂಸ ಠಕ್ಕುರ ಫೇರು 1318ರಲ್ಲಿ ‘ದ್ರವ್ಯಪರೀಕ್ಷಾ’ ಎಂಬ ಕೃತಿ ಬರೆದ. ಯಾವ ಯಾವ ಅರಸರ ಯಾವ ನಾಣ್ಯದಲ್ಲಿ ಎಷ್ಟು ಚಿನ್ನ, ಎಷ್ಟು ಬೆಳ್ಳಿ ಎಂಬ ವಿವರ ಅದರಲ್ಲಿದೆ. ಆ ನಾಣ್ಯಗಳಲ್ಲಿ ಬಹಳಷ್ಟು ಇಂದು ಇಲ್ಲ. ಅವನ ದಾಖಲೆ ಇದೆ. ಏಳು ಶತಮಾನಗಳ ಹಿಂದೆ ಒಬ್ಬ ಅಧಿಕಾರಿ ಮಾಡಿದ ಕೆಲಸವನ್ನು ಇಂದಿನ ಗಣರಾಜ್ಯ ಮಾಡಲಾರದೇ?

ಸದ್ಯದ ಅಂಕಿ ಸಮಾಧಾನ ತರುವುದಿಲ್ಲ. ದೇಶದಲ್ಲಿ ಸುಮಾರು 58 ಲಕ್ಷ ಪ್ರಾಚೀನ ವಸ್ತುಗಳಿವೆ ಎಂಬ ಅಂದಾಜಿನಲ್ಲಿ 16.8 ಲಕ್ಷ ಮಾತ್ರ ದಾಖಲಾಗಿವೆ ಎಂಬ ಲೆಕ್ಕ 2023ರಲ್ಲಿ ಸಂಸದೀಯ ಸಮಿತಿಯ ಮುಂದೆ ಬಂತು. ಅಂದರೆ ಮೂರರಲ್ಲಿ ಎರಡಕ್ಕೆ ಹೆಸರಿಲ್ಲ, ಫೋಟೊ ಇಲ್ಲ. ಕಳುವಾದರೆ ನಮ್ಮದೆಂದು ಸಾಧಿಸಲು ಆಧಾರವೂ ಇಲ್ಲ.

ನಿಧಿಗಳ್ಳರ ಕೈವಾಡವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನ ನಡುಗಡ್ಡೆಗೆ ರಾತ್ರಿ ನುಗ್ಗಿದ ತಂಡ ವ್ಯಾಸರಾಯರ ವೃಂದಾವನವನ್ನೇ ಕಿತ್ತುಹಾಕಿತು. ಕೃಷ್ಣದೇವರಾಯನಿಗೆ ಗುರುವೆನಿಸಿದ್ದ ಯತಿಯ ಸಮಾಧಿಯಡಿ ಚಿನ್ನವಿದೆಯೆಂಬ ದುರಾಸೆ ಅದಕ್ಕೆ ಕಾರಣ. ಊರೂರಿನ ಪಾಳು ಗುಡಿಗಳಲ್ಲಿ ಲಿಂಗ, ನಂದಿ, ಗರ್ಭಗುಡಿಯ ಕಲ್ಲುಗಳನ್ನು ಮಗುಚಿದವರೂ ಇದೇ ಬಗೆಯವರು. ಸಂಗ್ರಾಹಕರ ಹಕ್ಕಿನ ಮಾತಾಡುವಾಗ ಇವರಿಗೆ ಕಿಂಡಿ ತೆರೆಯಬಾರದು. ಕೊಳ್ಳುವವರು ಮೂಲ ಕೇಳದಿದ್ದರೆ ಅಗೆಯುವವರಿಗೆ ಬಲ ಬರುತ್ತದೆ ಎಂಬ ಪುರಾತತ್ವಜ್ಞರ ಆಕ್ಷೇಪ ಪೂರ್ತಿ ಸರಿ.

ಹೊರಗಿನವರು ಹೇಗೆ ಬಗೆಹರಿಸಿಕೊಂಡರು

ಅಮೆರಿಕದಲ್ಲಿ ಸಂಗ್ರಾಹಕರು ನ್ಯಾಯಾಲಯದ ದಾರಿ ಹಿಡಿದರು. ಸೈಪ್ರಸ್ ಮತ್ತು ಚೀನಾದ ಪ್ರಾಚೀನ ನಾಣ್ಯಗಳ ಆಮದಿಗೆ ಅಲ್ಲಿನ ಸರ್ಕಾರ ನಿರ್ಬಂಧ ಹಾಕಿದಾಗ, ಪ್ರಾಚೀನ ನಾಣ್ಯ ಸಂಗ್ರಾಹಕರ ಸಂಘವೊಂದು 2009ರಲ್ಲಿ ಬೇಕೆಂದೇ ಲಂಡನ್ನಿನಿಂದ ಬಾಲ್ಟಿಮೋರ್‌ಗೆ ಅಂಥ ನಾಣ್ಯಗಳ ಪೊಟ್ಟಣ ತರಿಸಿತು. ಕಸ್ಟಮ್ಸ್ ಹಿಡಿದುಕೊಂಡಿತು, ಸಂಘ ದಾವೆ ಹೂಡಿತು. ನಾಣ್ಯ ಹುಟ್ಟಿದಂದಿನಿಂದ ಕೈಯಿಂದ ಕೈಗೆ, ಗಡಿಯಿಂದ ಗಡಿಗೆ ಓಡಾಡುವ ವಸ್ತು, ಅದು ಇಂಥ ದೇಶದ ನೆಲದಿಂದಲೇ ಎದ್ದದ್ದೆಂದು ಸರ್ಕಾರವೇ ಸಾಧಿಸಬೇಕು ಎಂಬುದು ಅವರ ವಾದ. ಮೇಲ್ಮನವಿ ನ್ಯಾಯಾಲಯ 2012ರಲ್ಲೂ 2018ರಲ್ಲೂ ಅದನ್ನು ಒಪ್ಪಲಿಲ್ಲ. ಭಾರತವೂ 2024ರ ಜುಲೈ 26ರಂದು ದೆಹಲಿಯಲ್ಲಿ ಅಮೆರಿಕದೊಂದಿಗೆ ಸಾಂಸ್ಕೃತಿಕ ಆಸ್ತಿಯ ಒಪ್ಪಂದಕ್ಕೆ ಸಹಿ ಹಾಕಿದೆ. ಗಡಿಯಲ್ಲಿ ತಡೆಯುವ ಕೆಲಸಕ್ಕೆ ಇದರಿಂದ ಬಲ ಬಂದಿದೆ.

ಆದರೆ ಗಡಿಗೆ ಬರುವ ಮೊದಲೇ, ಹೊಲದಲ್ಲೇ, ನಾಣ್ಯ ಬೆಳಕಿಗೆ ಬರುವಂತೆ ಮಾಡಿದ್ದು ಇಂಗ್ಲೆಂಡ್. ಅಲ್ಲಿ 1996ರ ನಿಧಿ ಕಾಯ್ದೆಯ ಪ್ರಕಾರ ವಸ್ತು ಸಂಗ್ರಹಾಲಯಕ್ಕೆ ಬೇಕಾದರೆ ಪೂರ್ತಿ ಮಾರುಕಟ್ಟೆ ಬೆಲೆ ಕೊಡುತ್ತಾರೆ. ಬೆಲೆ ಕಟ್ಟಲು ಸ್ವತಂತ್ರ ಸಮಿತಿಯಿದೆ. ಆ ಹಣ ಸಿಕ್ಕವರಿಗೂ ಜಮೀನಿನ ಒಡೆಯರಿಗೂ ಹಂಚಿಹೋಗುತ್ತದೆ. ನಿಧಿಯಲ್ಲದ ಬಿಡಿ ವಸ್ತುಗಳನ್ನು ತಾವಾಗಿ ತಂದು ತೋರಿಸುವವರಿಗಾಗಿ 1997ರಲ್ಲಿ ಬೇರೊಂದು ಯೋಜನೆ ಶುರುವಾಯಿತು. ಅಧಿಕಾರಿ ಫೋಟೊ ತೆಗೆದು, ತೂಕ ಮಾಡಿ, ಸಿಕ್ಕ ಜಾಗ ಬರೆದುಕೊಂಡು ವಸ್ತುವನ್ನು ತಂದವರಿಗೇ ಮರಳಿಸುತ್ತಾರೆ. ಹೀಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ದಾಖಲಾಗಿವೆ. ಲೋಹಶೋಧಕ ಹಿಡಿದು ಹೊಲ ಸುತ್ತುವ ಹವ್ಯಾಸಕ್ಕೆ ಅಲ್ಲಿ ಅನುಮತಿಯಿದೆ. ನಮ್ಮ ನೆಲಕ್ಕೆ ಅದು ಬೇಡವೇ ಬೇಡ. ಪ್ರಾಮಾಣಿಕರಿಗೆ ಬೆಲೆ ಕೊಡುವ ಗುಣವನ್ನಷ್ಟೇ ನಾವು ತೆಗೆದುಕೊಂಡರೆ ಸಾಕು.

ಏನಾಗಬೇಕು

1972ರ ಕಾಯ್ದೆಯನ್ನು ಬದಲಿಸಲು 2017ರಲ್ಲಿ ಸಂಸ್ಕೃತಿ ಸಚಿವಾಲಯ ಹೊಸ ಮಸೂದೆಯ ಕರಡು ತಂದಿತ್ತು. ಅದು ಕಾಯ್ದೆಯಾಗಲಿಲ್ಲ. ಮತ್ತೆ ಬರೆಯಲು ಕೂತವರು ನಾಲ್ಕು ಸಂಗತಿ ಗಮನಿಸಲಿ.

ಮೊದಲನೆಯದು ಬೆಲೆ. ಪಾಯ ತೋಡುವಾಗ, ಉಳುವಾಗ ಅಕಸ್ಮಾತ್ತಾಗಿ ಸಿಕ್ಕು ಕೂಡಲೇ ಒಪ್ಪಿಸಿದವರಿಗೆ ಲೋಹದ ಬೆಲೆಯ ಬದಲು ನಾಣ್ಯದ ನಿಜವಾದ ಬೆಲೆ, ಅದೂ ಗೊತ್ತಾದ ಗಡುವಿನೊಳಗೆ ಸಿಗಬೇಕು. ಕದ್ದು ಅಗೆದವರಿಗೆ ಬಿಡಿಗಾಸೂ ಇಲ್ಲ, ಶಿಕ್ಷೆ ಈಗಿನದಕ್ಕಿಂತ ಬಿಗಿ.

ಎರಡನೆಯದು ವಿಂಗಡಣೆ. 1835ರಿಂದ ಕಂಪನಿ ಸರ್ಕಾರ ದೇಶಕ್ಕೆಲ್ಲ ಒಂದೇ ನಮೂನೆಯ ರೂಪಾಯಿ ತಂದಿತು. ಅಲ್ಲಿಂದೀಚೆಗೆ ಯಂತ್ರದಿಂದ ಕೋಟಿಗಟ್ಟಲೆ ಬಂದ ಸಾಮಾನ್ಯ ನಾಣ್ಯಗಳನ್ನು ಪ್ರಾಚೀನ ವಸ್ತುವಿನ ವ್ಯಾಖ್ಯೆಯಿಂದ ಬಿಡಿಸಿದರೆ ಇತಿಹಾಸಕ್ಕೆ ನಷ್ಟವಿಲ್ಲ. ಅಧಿಕಾರಿಗಳ ಗಮನ ಗಂಗ, ಕದಂಬ, ಹೊಯ್ಸಳ, ವಿಜಯನಗರದ ನಾಣ್ಯಗಳ ಕಡೆ ಹರಿಯುತ್ತದೆ.

ಮೂರನೆಯದು ದಾಖಲೆ. ಸಂಗ್ರಾಹಕರು ತಾವಾಗಿ ಬಂದು ಫೋಟೊ, ತೂಕ, ಬರಹ, ಕೊಂಡ ವರ್ಷ ನಮೂದಿಸುವ ಡಿಜಿಟಲ್ ನೋಂದಣಿ ಪುಸ್ತಕ ಬೇಕು. ನೋಂದಾಯಿಸಿದವರಿಗೆ ಪ್ರಮಾಣಪತ್ರ ಸಿಗಲಿ. ಗಡುವು ಮುಗಿದ ಮೇಲೆ ಪತ್ರವಿಲ್ಲದ ನಾಣ್ಯ ಮಾರಾಟವಾಗದಂತೆ ನಿಯಮ ಬರಲಿ.

ನಾಲ್ಕನೆಯದು ಸರ್ಕಾರದ ಸ್ವಂತ ಹೊಣೆ. ಖಜಾನೆಗಳಲ್ಲಿ, ಸಂಗ್ರಹಾಲಯಗಳ ಉಗ್ರಾಣಗಳಲ್ಲಿ ಚೀಲ ಕಟ್ಟಿಟ್ಟ ನಾಣ್ಯಗಳ ಪಟ್ಟಿಯನ್ನು ಜನರ ಮುಂದಿಡಬೇಕು. ಒಪ್ಪಿಸಿದ ನಿಧಿ ಊರಿನ ಹೆಸರಿನೊಂದಿಗೆ ಜಿಲ್ಲೆಯ ಸಂಗ್ರಹಾಲಯದಲ್ಲಿ ಕಾಣುವಂತಾದರೆ ಮುಂದೆ ಒಪ್ಪಿಸುವವರಿಗೆ ನಂಬಿಕೆ ಹುಟ್ಟುತ್ತದೆ.

ಕಾಯ್ದೆ ಬದಲಾಗುವವರೆಗೆ ಓದುಗರು ಮಾಡಬಹುದಾದದ್ದೂ ಇದೆ. ಪಾಯ ತೋಡುವಾಗ ಕುಡಿಕೆ ಸಿಕ್ಕರೆ ಇದ್ದಲ್ಲೇ ಇರುವಾಗ ಫೋಟೊ ತೆಗೆಯಿರಿ. ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ. ತಹಶೀಲ್ದಾರರಿಗೋ ಪೊಲೀಸರಿಗೋ ತಿಳಿಸಿ, ಎಣಿಕೆ ಮತ್ತು ತೂಕ ಬರೆಸಿ ಮಹಜರು ಮಾಡಿಸಿ, ರಸೀದಿ ಪಡೆಯಿರಿ. ನಾಣ್ಯ ಕೊಳ್ಳುವವರು ಬಿಲ್ಲು ಕೇಳಿ, ಎಲ್ಲಿಂದ ಬಂತೆಂದು ಕೇಳಿ. ಉತ್ತರ ಬಾರದಿದ್ದರೆ ಕೊಳ್ಳಬೇಡಿ. ಮನೆಯ ಹಳೆಯ ನಾಣ್ಯ, ಕಾಸಿನ ಸರ ಹೊರದೇಶಕ್ಕೆ ಒಯ್ಯುವ ಮೊದಲು ಪುರಾತತ್ವ ಸರ್ವೇಕ್ಷಣೆಯ ಕಚೇರಿಯಲ್ಲಿ ವಿಚಾರಿಸಿ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಮುಂಗಡ ಶುಲ್ಕ ಕೇಳುವವರನ್ನು ನಂಬಬೇಡಿ. ತನ್ನ ಹೆಸರಿನಲ್ಲಿ ನಡೆಯುವ ಇಂಥ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ.

ನಾಣ್ಯ ಯಾರ ಬೀರುವಿನಲ್ಲಿದೆ ಎಂಬುದಕ್ಕಿಂತ ಅದು ಎಲ್ಲಿ ಸಿಕ್ಕಿತೆಂಬುದು ನಾಡಿಗೆ ಗೊತ್ತಿದೆಯೇ ಎಂಬುದು ಮುಖ್ಯ. ಆ ಸಂಗತಿಯನ್ನು ಹೇಳಲು ಮುಂದೆ ಬಂದವರನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸುವ ಕಾಯ್ದೆ ಬದಲಾಗಲೇಬೇಕು. ಸಂಸದರೂ ಶಾಸಕರೂ ಈ ಕೆಲಸವನ್ನು ಇನ್ನು ಮುಂದೂಡಬಾರದು.